ನೀಲಿ ಅಂಗಿಯ ತೋಳು

ಹೊಲಿಗೆ ಕೋಣೆ,
ಮಾರ್ಚ್ ೧೨, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಸೊಸೆಗೆ,

ಮಣಿಕಟ್ಟು ಹೇಗಿದೆ? ಪಟ್ಟಿ ಬಿಚ್ಚಿದರೋ ಇಲ್ಲವೋ? ಬಿಚ್ಚಿದ್ದರೂ ತುಂಬಿದ ಬಕೆಟ್ ಎತ್ತುವ ಶೌರ್ಯ ಸದ್ಯಕ್ಕೆ ಬೇಡ, ನಿನ್ನ ಹಟ ನನಗೆ ಗೊತ್ತು. ನನ್ನ ಮೊಮ್ಮಗಳು ಗುಬ್ಬಿ ನಿದ್ದೆಯಲ್ಲಿ ಬೆಚ್ಚಿಬೀಳುವುದು ನಿಂತಿತೇ? ನೀವಿಬ್ಬರೂ ಯಾವ ಊರಿನಲ್ಲಿದ್ದೀರಿ ಎಂದು ನಾನು ನೂಲಂಗಡಿಯವಳನ್ನು ಇವತ್ತಿಗೂ ಕೇಳಿಲ್ಲ, ಅವಳಾಗಿ ಹೇಳಬಂದರೂ ಕಿವಿ ಮುಚ್ಚಿಕೊಳ್ಳುತ್ತೇನೆ. ಗೊತ್ತೇ ಇಲ್ಲದ್ದನ್ನು ಯಾರೂ ಹೊಡೆದು ಬಾಯಿ ಬಿಡಿಸಲಾರರು. ಹೋಗುವಾಗ ನೀನು ಫೋನನ್ನು ಕಲ್ಲಿಗೆ ಹಾಕಿ ಜಜ್ಜಿದೆಯಲ್ಲ, ಒಳ್ಳೆಯದನ್ನೇ ಮಾಡಿದೆ. ಗಾಡಿಯಲ್ಲಿ ಊರೂರಿಗೆ ನೂಲು ಹಾಕುವ ಆ ಹೆಂಗಸು ಇರುವವರೆಗೂ ನಮಗೆ ಅಂಚೆಯೂ ಬೇಡ, ಫೋನೂ ಬೇಡ.

ಅಕ್ಷರ ಕೋಳಿ ಕೆದಕಿದಂತಿದ್ದರೆ ನಗಬೇಡ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈಯ ಎರಡು ಬೆರಳು ಊದಿಕೊಂಡು, ಸೂಜಿಯಿರಲಿ, ಚಮಚವನ್ನೂ ಹಿಡಿಯಲಾರದಾಗಿವೆ. ಯಾಕೆ ಎಂದು ಮೊದಲಿಂದಲೇ ಹೇಳುತ್ತೇನೆ, ಇಲ್ಲದಿದ್ದರೆ ನೀನು ಅರ್ಧ ಓದಿ ಅಳಲು ಕೂರುತ್ತೀಯ.

ಹೋದ ವಾರ ನನ್ನ ಮಗ, ಅಂದರೆ ನಿನ್ನ ಗಂಡ, ಹಳೆಯ ಅಂಗಿಗಳ ಗಂಟೊಂದನ್ನು ಎತ್ತಿಕೊಂಡು ಈ ಕೋಣೆಗೆ ಬಂದ. ಕುಡಿದಿರಲಿಲ್ಲ, ಗಡ್ಡ ಬೋಳಿಸಿದ್ದ. ನೆಲದ ಮೇಲೆ ನನ್ನ ಪಕ್ಕದಲ್ಲೇ ಕೂತು, “ಮಗಳಿಗೊಂದು ಕೌದಿ ಮಾಡಿ ಕಳ್ಸಮ್ಮ, ನನ್ನ ಅಂಗಿಗಳಲ್ಲೇ ಮಾಡು. ಅಪ್ಪನ ವಾಸನೆಯಾದ್ರೂ ಅವಳ ಹತ್ರ ಇರ್ಲಿ” ಎಂದು ಕಣ್ಣೊರೆಸಿಕೊಂಡ. ಎಲ್ಲಿಗೆ ಕಳಿಸುತ್ತೀ, ಯಾರ ಕೈಯಲ್ಲಿ ಎಂದು ಒಂದು ಮಾತೂ ಕೇಳಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ನನ್ನ ಕರುಳು ಕರಗಿತು, ಸುಳ್ಳು ಯಾಕೆ ಹೇಳಲಿ? ಅವತ್ತೇ ಕತ್ತರಿ ಹಿಡಿದು ಕೂತೆ.

ಕೌದಿಗೆ ದಿನ ಹಿಡಿಯುತ್ತದೆ, ಅಷ್ಟರಲ್ಲಿ ಗುಬ್ಬಿಗೊಂದು ಆಟಿಕೆ ಇರಲಿ ಎಂದು ಮೊದಲು ಮೊಲ ಹೊಲಿದೆ. ಭಾನುವಾರ ನೂಲಂಗಡಿಯವಳ ಕೈಯಲ್ಲಿ ಕಳಿಸಿದೆನಲ್ಲ, ಅದೇ. ಒಂದು ಕಿವಿ ನಿಂತಿರಬೇಕು, ಇನ್ನೊಂದು ಬಿದ್ದಿರಬೇಕು ಎಂದು ಗುಬ್ಬಿ ಹಿಂದೆಯೇ ಅಪ್ಪಣೆ ಮಾಡಿದ್ದಳು. ಬಿದ್ದ ಕಿವಿಗೆ ಮೆತ್ತನೆಯ ಬಟ್ಟೆ ಸಿಕ್ಕಿತು, ನಿಲ್ಲುವ ಕಿವಿಗೇ ಪೇಚಾಡಿದೆ. ಕಡೆಗೆ ಅವನ ನೀಲಿ ಅಂಗಿಯ ಒಂದು ತೋಳಿನ ತುದಿಯ ಗಟ್ಟಿ ಪಟ್ಟಿಯನ್ನು ಬಿಚ್ಚದೆ ಹಾಗೇ ಮಡಿಸಿ ಕೂರಿಸಿದೆ, ಸಿಪಾಯಿಯ ಹಾಗೆ ನಿಂತಿತು. ಚೂರು ಬಟ್ಟೆಯನ್ನೂ ದಂಡ ಮಾಡದ ಜಿಪುಣಿ ಎಂದು ನೀನು ನನ್ನನ್ನು ಆಡಿಕೊಳ್ಳುತ್ತಿದ್ದೆ, ಈಗ ನೋಡು, ಹೇಗೆ ಉಪಯೋಗಕ್ಕೆ ಬಂತು.

ನಿನ್ನೆ ಮಧ್ಯಾಹ್ನ ಕೌದಿಯನ್ನು ಚೌಕಟ್ಟಿಗೆ ಕಟ್ಟಿ ಟಾಕು ಹಾಕುತ್ತಿದ್ದೆ. ನೀಲಿ ಅಂಗಿಯ ಉಳಿದ ತೋಳು ಅಂಚಿಗೆ ಬಂದಿತ್ತು, ಚಂದವೆಂದು ಅದರ ಪಟ್ಟಿಯನ್ನೂ ಇಡಿಯಾಗಿ ಬಿಟ್ಟಿದ್ದೆ. ಸೂಜಿ ಅಲ್ಲಿ ಏನಕ್ಕೋ ತಾಗಿ ಮುರಿಯಿತು. ಒಳಗೆ ಬೆರಳಾಡಿಸಿದರೆ ಗಟ್ಟಿ, ನಾಣ್ಯದಷ್ಟು. ಬಿಚ್ಚಿ ನೋಡುತ್ತೇನೆ, ಅದು ಅಂಗಿ ಹೊಲಿದ ದರ್ಜಿಯ ಹೊಲಿಗೆಯೇ ಅಲ್ಲ. ಓರೆ ಟಾಕುಗಳು ಎಡದಿಂದ ಬಲಕ್ಕೆ ಹೋಗಿವೆ, ಗಂಟು ಮೇಲೆಯೇ ಕೂತಿದೆ. ಎಡಚ ಮಗನಿಗೆ ಸೂಜಿ ಹಿಡಿಯಲು ಕಲಿಸಿದವಳು ನಾನು, ಗಂಟನ್ನು ಒಳಗೆ ಮುಚ್ಚಿಡಲು ಎಷ್ಟು ಹೇಳಿಕೊಟ್ಟರೂ ಕಲಿಯಲಿಲ್ಲ. ಒಳಗಿದ್ದದ್ದು ಬಿಳಿಯ ಬಿಲ್ಲೆ, ಅವನು ಸಾಮಾನು ಸಾಗಿಸುವ ವ್ಯಾನಿನಲ್ಲಿ ಪೆಟ್ಟಿಗೆಗಳಿಗೆ ಅಂಟಿಸುತ್ತಾನಲ್ಲ, ಅಂಥದ್ದು. ಪೆಟ್ಟಿಗೆ ಎಲ್ಲಿ ಹೋದರೂ ಫೋನಿನಲ್ಲಿ ಕಾಣುತ್ತದೆ ಎಂದು ನಮ್ಮ ಮುಂದೆಯೇ ಜಂಬ ಕೊಚ್ಚಿದ್ದ. ಕೂಸಿಗೆ ಹೊದಿಸುವ ಬಟ್ಟೆಯೊಳಗೆ ಅದನ್ನಿಟ್ಟು ಕಣ್ಣೀರು ಹಾಕಿದನಲ್ಲ! ನನ್ನ ಮೈ ಉರಿದುಹೋಯಿತು. ಸುತ್ತಿಗೆ ತಂದು, ಇಸ್ತ್ರಿ ಮೇಜಿನ ಮೇಲಿಟ್ಟು, ಪುಡಿಯಾಗುವವರೆಗೆ ಕುಟ್ಟಿದೆ.

ಅದೇ ಹೊತ್ತಿಗೆ ಅವನು ಬಂದ. ವಾರದಿಂದ ಗ್ಯಾರೇಜಿನಲ್ಲಿದ್ದ ವ್ಯಾನು ಆಗತಾನೇ ಕೈಗೆ ಸಿಕ್ಕಿತ್ತು. ಹೆಗಲಲ್ಲಿ ಬಟ್ಟೆಯ ಚೀಲ, ದೂರದ ಬಾಡಿಗೆ ಇದೆ ಎಂದ. ಮೇಜಿನ ಮೇಲಿನ ಪುಡಿ ಕಣ್ಣಿಗೆ ಬಿದ್ದಾಗ ಗಾಬರಿಯಾಗುತ್ತಾನೆ ಎಂದುಕೊಂಡೆ, ಆಗಲಿಲ್ಲ. ನಾನು ಬಾಗಿಲಿಗೆ ಅಡ್ಡ ನಿಂತು, “ಅವರ ತಂಟೆಗೆ ಹೋದ್ರೆ ನಿನ್ನನ್ನ ಹೆತ್ತ ಕೈಯಲ್ಲೇ ಮುಗಿಸ್ತೀನಿ” ಎಂದೆ. ಹೆರುವುದು ಕೈಯಲ್ಲಲ್ಲ, ಗೊತ್ತು, ಸಿಟ್ಟಿನಲ್ಲಿ ಬಾಯಿಗೆ ಬಂದದ್ದೇ ಮಾತು. ಅವನು ನನ್ನ ದೊಡ್ಡ ಕತ್ತರಿ ಎತ್ತಿಕೊಂಡು ಚೌಕಟ್ಟಿನ ಮೇಲಿದ್ದ ಕೌದಿಯನ್ನು ಈ ಅಂಚಿನಿಂದ ಆ ಅಂಚಿಗೆ ಸೀಳಿದ. ಆಮೇಲೆ ಕಪಾಟಿನಲ್ಲಿದ್ದವು, ಆರ್ಡರಿನವು, ನಿನ್ನ ಬಾಣಂತನಕ್ಕೆ ಹೊಲಿದದ್ದು, ಎಲ್ಲವನ್ನೂ. ಹತ್ತಿ ಮೂಗು ಬಾಯಿಗೆಲ್ಲ ಹಾರಿತು. ತಡೆಯಲು ಹೋದರೆ ಚೌಕಟ್ಟಿನ ಮರವನ್ನೆತ್ತಿ ನನ್ನ ಬಲಗೈ ಮೇಲೆ ಕುಕ್ಕಿದ. ಬೆರಳು ಲಟಕ್ಕೆಂದದ್ದು ನನಗೇ ಕೇಳಿಸಿತು. ಜುಟ್ಟು ಹಿಡಿದು ಮುಖವನ್ನು ಇಸ್ತ್ರಿ ಮೇಜಿಗೆ ಒತ್ತಿದ, ಬಿಲ್ಲೆಯ ಚೂರುಗಳು ಕೆನ್ನೆಗೆ ಚುಚ್ಚಿದವು. ಇಸ್ತ್ರಿ ಪೆಟ್ಟಿಗೆ ಅಲ್ಲೇ ಕಾದು ಕೂತಿತ್ತು. ಎಡಗೈಗೆ ಸಿಕ್ಕಿತು. ಅವನ ಮುಂಗೈ ಮೇಲೆ ಇಟ್ಟು ಒತ್ತಿದೆ, ಬೇಗ ತೆಗೆಯಲಿಲ್ಲ.

ಅವನು “ಅಮ್ಮಾ” ಎಂದೇ ಕೂಗಿದ, ಮಗಳೇ. ಆ ಕೂಗಿಗೆ ನಾನು ಬಚ್ಚಲಿಗೆ ಓಡಿ ತಣ್ಣೀರು ತುಂಬಿದ್ದೂ ನಿಜ. ಹಿಂದಿರುಗುವಾಗ ಅವನು ಮುರಿದ ನಿನ್ನ ಮಣಿಕಟ್ಟು ನೆನಪಾಯಿತು, ಚೊಂಬನ್ನು ಹೊಸ್ತಿಲಲ್ಲೇ ಇಟ್ಟೆ. ಗದ್ದಲ ಕೇಳಿ ಪಕ್ಕದ ಮನೆಯ ಬಡಗಿ ಉಳಿ ಹಿಡಿದೇ ಓಡಿಬಂದ. ಅವನನ್ನು ಕಂಡು ನನ್ನ ಮಗರಾಯ ಚೀಲ ಎತ್ತಿಕೊಂಡ. ಹೋಗುವಾಗ ಸುಟ್ಟ ಕೈಯನ್ನು ಎದೆಗೊತ್ತಿಕೊಂಡು, ಇನ್ನೊಂದು ಕೈಯಲ್ಲಿ ಫೋನು ನೋಡಿಕೊಂಡು, “ಹೊಲೀತಿರಮ್ಮ, ಹೊಲೀತಿರು. ನಿನ್ನಿಂದ ಆಗ್ಬೇಕಾದ ಕೆಲಸ ಆಗ್ಲೇ ಆಗಿದೆ” ಎಂದು ನಕ್ಕ. ಹರಿದ ಕೌದಿಗಳನ್ನು ನೋಡಿ ಅಣಕಿಸಿದ. ಅವನ ಕೈಯ ಚರ್ಮ ಸುಲಿದಿದೆ ಎಂದು ಆಸ್ಪತ್ರೆಯಲ್ಲಿ ಒಂದು ರಾತ್ರಿ ಇಟ್ಟುಕೊಂಡಿದ್ದಾರೆಂದು ಬಡಗಿ ವಿಚಾರಿಸಿ ಬಂದು ಹೇಳಿದ. ನಾನು ನೋಡಲು ಹೋಗಲಿಲ್ಲ. ಚಿನ್ನದ ಚೂರಿ ಎಂದು ಕತ್ತು ಕೊಯ್ದುಕೊಳ್ಳಲಾಗುತ್ತದೆಯೇ? ಪೊಲೀಸರಿಗೆ ದೂರು ಕೊಡಲು ಇವತ್ತು ಬಡಗಿಯೇ ಜೊತೆಗೆ ಬರುತ್ತಾನೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನ ಮೇಲೆ ನಾನೇ ದೂರು ಬರೆಸಬೇಕು. ಬರೆಸುತ್ತೇನೆ.

ನೀನು ಮಾತ್ರ ಹೆದರಬೇಡ. ಬಿಲ್ಲೆ ಪುಡಿಯಾಗಿದೆ, ಕೌದಿ ನಿನ್ನವರೆಗೆ ಬರಲೇ ಇಲ್ಲ, ಅವನ ಆಟ ಅಲ್ಲಿಗೆ ಮುಗಿಯಿತು. ಬೆರಳು ನೆಟ್ಟಗಾದ ಮೇಲೆ ಸೀಳಿದ್ದನ್ನೆಲ್ಲ ಕೂಡಿಸಿ ಬೇರೊಂದು ಕೌದಿ ಹೊಲಿಯುತ್ತೇನೆ, ಅವನ ಒಂದು ಎಳೆಯೂ ಇಲ್ಲದ್ದು. ನನ್ನ ಹಳೆಯ ಸೀರೆಗಳಿವೆ, ನೀನು ಬಿಟ್ಟುಹೋದ ಹಳದಿ ಕುರ್ತಾ ಇದೆ. ಗುಬ್ಬಿಯ ನೆತ್ತಿ ಮೂಸಿ ನನ್ನ ಪಾಲಿನ ಮುತ್ತು ಕೊಡು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿಮ್ಮಿಬ್ಬರ ಬಾಗಿಲು ಗಟ್ಟಿಯಾಗಿರಲಿ, ನಿದ್ದೆ ಮೆತ್ತಗಿರಲಿ.

ನಿನ್ನ ಜಿಪುಣಿ ಅತ್ತೆ

ಮತ್ತೆ: ಮಗಳೇ, ಮೊದಲು ಮೊಲವನ್ನು ಹಿಡಿದುಕೋ, ಆಮೇಲೆ ಓದು. ಕೋಣೆ ಗುಡಿಸುತ್ತಾ ನೀಲಿ ಅಂಗಿಯ ಚೂರು ಎತ್ತಿಡುತ್ತಿದ್ದೆ. ಅಂಗಿಗೆ ತೋಳು ಎರಡು. ಜೀವಮಾನವೆಲ್ಲ ಬಟ್ಟೆ ಕತ್ತರಿಸಿದವಳಿಗೆ ಇಷ್ಟು ಹೊತ್ತು ಹೊಳೆಯಲಿಲ್ಲ. ಆ ನಿಂತ ಕಿವಿಯಲ್ಲೂ ಗಟ್ಟಿಯಾಗಿ ಏನೋ ಕೈಗೆ ತಾಗಿತ್ತು, ಹೆಚ್ಚುವರಿ ಗುಂಡಿ ಇರಬೇಕು ಎಂದು ಸುಮ್ಮನಾದೆ. ಅದಕ್ಕೇ ಅವನು ನಕ್ಕದ್ದು, ಅದಕ್ಕೇ ಆ ಚೀಲ. ನೂಲಂಗಡಿಯವಳು ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದ್ದಾಳೆ, ಆಸ್ಪತ್ರೆಯ ಮುಂದೆ ವ್ಯಾನು ಇಲ್ಲವಂತೆ. ಎಲ್ಲೂ ನಿಲ್ಲದೆ ನೇರ ನಿಮ್ಮಲ್ಲಿಗೆ ಹೋಗು ಎಂದಿದ್ದೇನೆ, ಅವಳ ಗಾಡಿಯಲ್ಲೇ ಹೊರಟುಬಿಡಿ, ಸಾಮಾನು ಕಟ್ಟುತ್ತಾ ಕೂರಬೇಡ. ಆ ಕಿವಿಯನ್ನು ಬುಡದಲ್ಲೇ ಕಿತ್ತು, ಎತ್ತಲಾದರೂ ಹೊರಟ ಲಾರಿಯ ಮೇಲೆ ಎಸೆ, ಅವನು ಅದರ ಹಿಂದೆ ಅಲೆಯಲಿ. ನನ್ನ ಹೊಲಿಗೆ ಸುಲಭಕ್ಕೆ ಬಿಡುವುದಿಲ್ಲ, ಹಲ್ಲಲ್ಲಿ ಕಚ್ಚಿ ಹರಿ. ಮೊಲವನ್ನು ಗುಬ್ಬಿಯ ಕೈಗೇ ಕೊಡು, ಅತ್ತರೆ ಅಜ್ಜಿ ಬಂದು ಹೊಸ ಕಿವಿ ಹಚ್ಚುತ್ತಾಳೆ ಎಂದು ಹೇಳು.