ಷಡ್ಡಕ ಹೇಳಿದ ಜೋಲಿ

ಆಲ್ಕೊಳ, ಶಿವಮೊಗ್ಗ
20 ಜನವರಿ 2025, ಸೋಮವಾರ

ತಮ್ಮ ಮಲ್ಲೇಶನಿಗೆ ಅಣ್ಣ ಶಿವಯೋಗಪ್ಪನ ಆಶೀರ್ವಾದಗಳು.

ನಾನೂ ನಿನ್ನ ಅತ್ತಿಗೆ ಸುಭದ್ರೆಯೂ ಚೆನ್ನಾಗಿದ್ದೇವೆ. ನೀನು, ಪುಷ್ಪ, ಮಗಳು ಅಮೂಲ್ಯ ಚೆನ್ನಾಗಿರಬೇಕು. ನೀನು ಫೋನ್ ಮಾಡಿ ಹ್ಯಾಮಕ್, ಅದೇ ಮರಕ್ಕೆ ಕಟ್ಟಿ ಮಲಗುವ ಜೋಲಿ, ಕೇಳಿದ್ದು ಸಂಕ್ರಾಂತಿಗೂ ಮುಂಚೆ, ನಾನು ಕಳಿಸುತ್ತಿರುವುದು ಈಗ. ತಡವಾಗಿದ್ದು ಕೆಲಸದಿಂದಲ್ಲ, ಸಿಟ್ಟಿನಿಂದ. ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ.

ಶಿವಮೊಗ್ಗದಿಂದ ಭದ್ರಾವತಿಗೆ ಕಾಗದ ಯಾಕೆ ಅಂತ ನಗಬೇಡ. ಫೋನಿನಲ್ಲಿ ನಾನು ದನಿ ಎತ್ತಿದ ಕೂಡಲೇ ನೀನು ‘ಅಣ್ಣ, ಕೇಳಿಸ್ತಿಲ್ಲ, ನೆಟ್‌ವರ್ಕ್ ಇಲ್ಲ’ ಅಂತ ಇಟ್ಟುಬಿಡುತ್ತೀಯ. ನಾನು ಬೈಯುವಾಗ ಮಾತ್ರ ನಿಮ್ಮೂರಿನ ನೆಟ್‌ವರ್ಕ್ ಹೋಗುತ್ತದೆ. ಕಾಗದವನ್ನು ಹಾಗೆ ಮಧ್ಯದಲ್ಲಿ ಕತ್ತರಿಸುವುದಕ್ಕೆ ಆಗುವುದಿಲ್ಲ. ಏಳನೇ ಕ್ಲಾಸಿಗೆ ಪುಸ್ತಕದ ಚೀಲ ಎಸೆದವನು ನಾನು, ಅಕ್ಷರ ತಪ್ಪಿದ್ದರೆ ಸರಿ ಮಾಡಿಕೊಂಡು ಓದು. ಕೇಳುವುದು ಒಂದೇ: ನೀನು ಇನ್ನೂ ನನ್ನ ತಮ್ಮನೋ, ಇಲ್ಲ ಪೂರ್ತಿ ಆ ಪ್ರಸನ್ನಕುಮಾರನ ಪಾಲಾಗಿದ್ದೀಯೋ?

ಅವನು ನಿನ್ನ ಷಡ್ಡಕ. ಷಡ್ಡಕ ಅಂದರೆ ಏನು? ಹೆಂಡತಿಯ ಅಕ್ಕನ ಗಂಡ. ಅವನು ಒಂದು ಮನೆಯ ಬಾಗಿಲು ತಟ್ಟಿದ, ನೀನೂ ಅದೇ ಮನೆಯ ಬಾಗಿಲು ತಟ್ಟಿದೆ, ಅಷ್ಟೇ ಸಂಬಂಧ. ಫ್ಯಾಕ್ಟರಿಯಿಂದ ರಿಟೈರ್ ಆದಾಗಿನಿಂದ ನಿನಗೆ ಬೆಳಗಾದರೆ ಅವನು, ಬೈಗಾದರೆ ಅವನು. ಅವನ ಕಾರು, ಅವನ ಫ್ಲಾಸ್ಕು, ಹಕ್ಕಿ ನೋಡುವ ಅವನ ದುರ್ಬೀನು. ಈಗ ಲಕ್ಕವಳ್ಳಿ ಕಡೆ ಹಿನ್ನೀರಿನ ದಂಡೆಯಲ್ಲಿ ಯಾರದೋ ಜಮೀನಿನಲ್ಲಿ ಮರಕ್ಕೆ ಜೋಲಿ ಕಟ್ಟಿಕೊಂಡು ಇಬ್ಬರೂ ಮಲಗುತ್ತೀರಂತೆ. ಮನೆಯಲ್ಲಿ ಮಂಚ ಮುರಿದಿದೆಯಾ?

ಅದಿರಲಿ. ಫೋನಿನಲ್ಲಿ ನೀನು ಏನಂದೆ, ನೆನಪಿದೆಯಾ? ‘ಅಣ್ಣ, ಗಾಂಧಿ ಬಜಾರಲ್ಲಿ ಒಂದು ಒಳ್ಳೆ ಹ್ಯಾಮಕ್ ನೋಡಿ ಬಸ್ಸಿಗೆ ಹಾಕ್ತೀಯಾ? ಎಂಥದ್ದು ಅಂತ ಪ್ರಸನ್ನಣ್ಣ ಹೇಳ್ತಾರೆ, ಒಂದ್ನಿಮಿಷ.’ ಪ್ರಸನ್ನಣ್ಣ! ಅವನು ನಿನಗೆ ಅಣ್ಣ ಯಾವಾಗ ಆದ? ಒಂದೇ ಉಸಿರಿನಲ್ಲಿ ನಾನೂ ಅಣ್ಣ, ಅವನೂ ಅಣ್ಣ. ಫೋನು ತೆಗೆದುಕೊಂಡು ಅವನು ಬೆಣ್ಣೆಯಂಥ ದನಿಯಲ್ಲಿ ಶುರು ಮಾಡಿದ: ‘ಶಿವಯೋಗಣ್ಣ, ನಮಸ್ಕಾರ. ಬಟ್ಟೆ ಅಗಲ ಇರೋದು ನೋಡಿ, ಅದೇ ಮುಖ್ಯ. ಟೈಟಾಗಿ ಕಟ್ಬಾರದು, ಸಡಿಲ ಬಿಡ್ಬೇಕು. ನೆಟ್ಟಗೆ ಮಲಗ್ಬಾರದು, ಓರೆಯಾಗಿ ಮಲಗ್ಬೇಕು.’ ಗೋಣಿಚೀಲದ ವ್ಯಾಪಾರದಲ್ಲಿ ಕೂದಲು ಹಣ್ಣು ಮಾಡಿಕೊಂಡವನಿಗೆ ಬಟ್ಟೆಯ ಅಗಲ ಹೇಳಿಕೊಡುತ್ತಾನೆ! ಮಲಗುವುದು ಹೇಗೆ ಅಂತಲೂ ಹೇಳಿಕೊಡುತ್ತಾನೆ! ‘ಆಯ್ತು ಸ್ವಾಮಿ’ ಅಂತ ಇಟ್ಟೆ. ಬಜಾರಿನ ಕಡೆ ತಲೆ ಹಾಕಬಾರದು ಅಂತ ನಿರ್ಧಾರವೂ ಮಾಡಿದೆ.

ನಿನ್ನ ಅತ್ತಿಗೆ ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಿದ್ದಳು. ‘ಏನ್ರೀ ಇದು, ಸವತಿ ಬಂದಂಗೆ ಆಡ್ತಿದೀರಲ್ಲ’ ಅಂದಳು. ‘ಮಲ್ಲೇಶ ಅವನ ಹಿಂದೆ ಹೋಗೋದು ಕಾರಿಗಾಗಿ ಕಣೇ’ ಅಂದೆ. ‘ಕಾರಿಗಲ್ಲ. ಆ ಮನುಷ್ಯ ಕೂಗಾಡಲ್ಲ, ಅದಕ್ಕೆ’ ಅಂದಳು. ನಾನು ಕೂಗಾಡುತ್ತೇನಾ ಅಂತ ಕೂಗಿದೆ. ಅವಳು ನಗುತ್ತಾ ಒಳಗೆ ಹೋದಳು.

ಹಬ್ಬ ಕಳೆದ ಮಾರನೆಯ ದಿನ ಬಜಾರಿಗೆ ಹೋದೆ. ಟಾರ್ಪಾಲು, ಹಗ್ಗ ಮಾರುವ ಮಲ್ಲಿಕ್ ನಿನಗೆ ಗೊತ್ತಲ್ಲ, ಅವನ ಅಂಗಡಿಗೆ. ‘ಬನ್ನಿ ಯಜಮಾನ್ರೇ, ಯಾರಿಗೆ?’ ಅಂದ. ತಮ್ಮನಿಗೆ ಅಂದೆ. ‘ತಮ್ಮ ಎಷ್ಟು ಕೆಜಿ?’ ಅಂದ. ‘ತಮ್ಮನ್ನ ನಾನೇನು ತಕ್ಕಡೀಲಿ ತೂಗಿ ಇಟ್ಟಿದೀನಾ? ನನಗಿಂತ ಸ್ವಲ್ಪ ದಪ್ಪ’ ಅಂದೆ. ಮೊದಲು ಬಲೆಯಂಥದ್ದು ತೋರಿಸಿದ. ಕೈಯಿಂದ ಅಮುಕಿ ನೋಡಿದೆ, ಬೆನ್ನೆಲ್ಲ ಗೆರೆ ಬೀಳುವ ಮಾಲು. ಆಮೇಲೆ ಎರಡೂ ತುದಿಗೆ ಮರದ ಕೋಲು ಇರುವುದು ತೋರಿಸಿದ. ನೋಡಲು ರಾಜರ ಉಯ್ಯಾಲೆಯಂತೆ ಇತ್ತು, ನನಗೆ ಹಿಡಿಸಿತು. ಅಂಗಡಿಯ ಎರಡು ಕಂಬಕ್ಕೆ ಕಟ್ಟಿಸಿ ಹತ್ತಿದೆ. ಮಗ್ಗುಲು ತಿರುಗಿದ್ದೇ ತಡ, ಅದು ಕವುಚಿಕೊಂಡು ನನ್ನನ್ನು ಟಾರ್ಪಾಲಿನ ರಾಶಿಯ ಮೇಲೆ ಚೆಲ್ಲಿತು. ದಾರಿಯಲ್ಲಿ ಹೋಗುವವರೆಲ್ಲ ನಿಂತರು. ‘ಯಾ ಅಲ್ಲಾ! ಪೆಟ್ಟಾಯ್ತಾ ಯಜಮಾನ್ರೇ?’ ಅಂತ ಮಲ್ಲಿಕ್ ಎತ್ತಿದ. ‘ಪೆಟ್ಟು ನಿನ್ನ ಮಾಲಿಗೆ ಬೀಳುತ್ತೆ, ತೆಗಿ ಇದನ್ನ’ ಅಂದೆ.

ಕೊನೆಗೆ ತೆಗೆದುಕೊಂಡಿದ್ದು ಪ್ಯಾರಾಶೂಟ್ ಬಟ್ಟೆಯದು, ಕೋಲಿಲ್ಲದ್ದು, ಇಬ್ಬರು ಹಿಡಿಯುವಷ್ಟು ಅಗಲದ್ದು. ಒಬ್ಬನೇ ಮಲಗಿದರೂ ಅಗಲದ್ದೇ ಬೇಕಂತೆ. ಸೊಳ್ಳೆಪರದೆ ಅದಕ್ಕೇ ಹೊಲಿದಿದೆ. ಮರಕ್ಕೆ ಸುತ್ತಲು ಹಗ್ಗ ಬೇಡ ಅಂತ ಅಗಲದ ಪಟ್ಟಿ ಕೇಳಿ ತೆಗೆದುಕೊಂಡೆ, ಹಗ್ಗ ಜಾರುತ್ತದೆ, ತೊಗಟೆಯನ್ನೂ ಕೊಯ್ಯುತ್ತದೆ. ಹೊಲಿಗೆ ಎಳೆದೆಳೆದು ನೋಡಿದ್ದೇನೆ. ಮಲ್ಲಿಕ್ ‘ಹರಿದುಬಿಡ್ತೀರ ಬಿಡಿ ಸಾಹೇಬ್ರೇ’ ಅನ್ನುವ ತನಕ ಎಳೆದೆ.

ನೋಡದೆ ಕಳಿಸುವ ಪೈಕಿ ನಾನಲ್ಲ. ಮನೆ ಮುಂದೆ ಬೇವಿನ ಮರಕ್ಕೂ ಗೇಟಿನ ಕಂಬಕ್ಕೂ ಕಟ್ಟಿದೆ. ಆ ಪುಣ್ಯಾತ್ಮ ಸಡಿಲ ಬಿಡಿ ಅಂದಿದ್ದನಲ್ಲ, ಅದಕ್ಕೇ ಬಟ್ಟೆ ಒಣಹಾಕುವ ತಂತಿಯ ಹಾಗೆ ಬಿಗಿದು ಕಟ್ಟಿದೆ. ಓರೆಯಾಗಿ ಅಂದಿದ್ದನಲ್ಲ, ನೆಟ್ಟಗೆ ಮಲಗಿದೆ. ಮಧ್ಯಾಹ್ನದ ನಿದ್ದೆ ಮುಗಿಸಿ ಏಳುವಾಗ ಬೆನ್ನು ಬಾಳೆಹಣ್ಣಾಗಿತ್ತು. ಕುತ್ತಿಗೆ ಒಂದು ಕಡೆ, ನಾನು ಒಂದು ಕಡೆ. ನಿನ್ನ ಅತ್ತಿಗೆ ಎಣ್ಣೆ ತಿಕ್ಕುತ್ತಾ, ‘ಒಂದ್ಸಲ ಅವರು ಹೇಳಿದಂಗೆ ಮಲಗಿ ನೋಡಿ, ಗಂಟು ಹೋಗೋದೇನು?’ ಅಂದಳು. ಮಾರನೆಯ ದಿನ ಯಾರೂ ನೋಡದ ಹಾಗೆ ಸಡಿಲ ಬಿಟ್ಟು ಕಟ್ಟಿ, ತಲೆ ಒಂದು ಮೂಲೆಗೆ, ಕಾಲು ಎದುರು ಮೂಲೆಗೆ ಹಾಕಿ ಮಲಗಿದೆ. ಮಲ್ಲೇಶ, ಬೆನ್ನು ಹಲಗೆಯ ಮೇಲಿಟ್ಟ ಹಾಗೆ ಸಮ ನಿಂತಿತು. ಹಾಳಾದವನು ಹೇಳಿದ್ದು ಸರಿ. ಅದನ್ನು ಅವನಿಗೆ ಹೇಳಬೇಡ.

ಆದರೆ ಅವನಿಗೆ ಗೊತ್ತಿಲ್ಲದ್ದು ಒಂದಿದೆ, ಅದು ನಾನು ಕಂಡುಕೊಂಡಿದ್ದು. ನಿನ್ನೆ ಬೆಳಗಿನ ಚುಮುಚುಮು ಚಳಿಯಲ್ಲಿ ಮೇಲೆ ಎರಡು ಹೊದಿಕೆ ಹೊದ್ದು ಮಲಗಿದೆ. ಮೇಲೆಲ್ಲ ಬೆಚ್ಚಗೆ, ಕೆಳಗೆ ಬೆನ್ನು ಮಂಜುಗಡ್ಡೆ. ಜೋಲಿಗೆ ಚಳಿ ಕೆಳಗಿನಿಂದ ಹೊಡೆಯುತ್ತದೆ ಕಣೋ. ಹೊದ್ದುಕೊಳ್ಳುವುದಕ್ಕಿಂತ ಹಾಸಿಕೊಳ್ಳುವುದು ಮುಖ್ಯ. ಅದಕ್ಕೇ ಕಟ್ಟಿನಲ್ಲಿ ನನ್ನ ಕರಿ ಕಂಬಳಿ ಇಟ್ಟಿದ್ದೇನೆ. ನಿನ್ನ ಪ್ರಸನ್ನಣ್ಣ ಇದನ್ನು ಹೇಳಿದ್ದನಾ? ಹೇಳಿರಲಿಲ್ಲ ತಾನೇ? ಹೋಗಿ ಕೇಳು ಅವನನ್ನ. ಕುರ್ಚಿಯ ಎತ್ತರಕ್ಕಿಂತ ಮೇಲೆ ಕಟ್ಟಬೇಡ. ಮೊದಲು ನಡುವೆ ಕೂರು, ಆಮೇಲೆ ಕಾಲು ಎತ್ತು. ಇಳಿಯುವಾಗ ಧಡಕ್ಕನೆ ಏಳಬೇಡ.

ಇನ್ನೊಂದು ಮಾತು. ಹೋದ ವರ್ಷ ನಿನ್ನ ಮನೆಯ ಗೃಹಪ್ರವೇಶಕ್ಕೆ ನೀನೂ ಪುಷ್ಪನೂ ಕುಂಕುಮ ಹಿಡಿದು ಕರೆಯಲು ಬಂದಾಗ, ‘ಒಡಹುಟ್ಟಿದವನನ್ನ ಕರೆಯೋಕೆ ಬಂದಿದೀರಾ? ನಾನೇನು ಹೊರಗಿನವನಾ?’ ಅಂತ ಬಾಗಿಲಲ್ಲೇ ರೇಗಿದೆ. ನೀನು ಅದನ್ನೇ ಹಿಡಿದುಕೊಂಡು ಅಲ್ಲಿಂದ ಈಚೆಗೆ ಯಾವುದಕ್ಕೂ ಕರೆಯುವುದೇ ಬಿಟ್ಟೆ. ಹಾಗಲ್ಲ ಮಾರಾಯ. ನೀನು ಕರೆಯಬೇಕು, ನಾನು ಬೈಯಬೇಕು, ಆಮೇಲೆ ನಿಮಗಿಂತ ಮೊದಲು ಬಂದು ಕೂರಬೇಕು. ಅದು ಕ್ರಮ. ಹಿನ್ನೀರಿಗೆ ಷಡ್ಡಕನನ್ನು ಕರೆದೆ, ನನಗೆ ಮಾಲು ತರಲು ಹೇಳಿದೆ. ಬೀಗರಿಗೆ ಊಟ, ಮನೆಯವನಿಗೆ ಎಲೆ ಹಾಕುವ ಕೆಲಸ.

ಕಟ್ಟು ಮತ್ತು ಈ ಕಾಗದವನ್ನು ನಾಳೆ ಬೆಳಗಿನ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತೇನೆ. ಸ್ಟ್ಯಾಂಡಿಗೆ ನೀನೇ ಬಂದು ಇಳಿಸಿಕೊ, ಷಡ್ಡಕನನ್ನು ಕಳಿಸಬೇಡ.

ಶಿವ ನಿನಗೆ ಆಯುಸ್ಸು ಆರೋಗ್ಯ ಕೊಡಲಿ, ಮನೆಯವರೆಲ್ಲ ತಣ್ಣಗಿರಿ. ಪುಷ್ಪನಿಗೂ ಅಮೂಲ್ಯಳಿಗೂ ಅತ್ತಿಗೆಯ ಆಶೀರ್ವಾದ.

ಇತಿ ನಿನ್ನ ಅಣ್ಣ,
ಶಿವಯೋಗಪ್ಪ

ಮರೆತ ಮಾತು: ಮರೆತಿದ್ದೆ ಅನ್ನುವುದು ಸುಳ್ಳು, ಮೇಲೆ ಬರೆಯಲು ಕೈ ಬರಲಿಲ್ಲ. ಸಂಕ್ರಾಂತಿಗೆ ಎಳ್ಳು ಬೀರಲು ಬಂದ ಅಮೂಲ್ಯ ನಮ್ಮ ಅಡುಗೆಮನೆಯಲ್ಲಿ ನಿನ್ನ ಅತ್ತಿಗೆಯ ಹತ್ತಿರ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ಮಗುವನ್ನು ಬೈಯಬೇಡ, ‘ದೊಡ್ಡಪ್ಪಂಗೆ ಹೇಳ್ಬೇಡಿ’ ಅಂತಲೇ ಅಂದಳು. ದೀಪಾವಳಿ ಆದ ಮೇಲೆ ನಿನಗೆ ಎದೆನೋವು ಬಂದು, ನಿನ್ನ ಷಡ್ಡಕ ಕಾರಿನಲ್ಲಿ ಶಿವಮೊಗ್ಗಕ್ಕೇ ಕರೆತಂದು, ಎದೆಗೆ ಸ್ಟೆಂಟ್ ಹಾಕಿಸಿದ್ದಂತೆ. ನನ್ನೂರಲ್ಲೇ ಮಲಗಿದ್ದೆ ನೀನು. ನಾನು ಆ ಆಸ್ಪತ್ರೆಯ ಮುಂದೆಯೇ ಸಿಟಿ ಬಸ್ಸಿನಲ್ಲಿ ದಿನಾ ಹೋಗಿ ಬಂದಿದ್ದೇನೆ. ನಿನಗೆ ಗಂಜಿ ಕುಡಿಸಿದ್ದೂ ಅವನಂತೆ. ಅಣ್ಣನಿಗೆ ತಿಳಿದರೆ ಕೂಗಾಡುತ್ತಾನೆ ಅಂತ ಹೇಳಲಿಲ್ಲವಂತೆ. ಅದು ಕಿವಿಗೆ ಬಿದ್ದ ಮಾರನೆಯ ದಿನವೇ ನಾನು ಬಜಾರಿಗೆ ಹೋಗಿದ್ದು.

ದೇವರು ಮತ್ತೆ ಅಂಥದ್ದು ತರದಿರಲಿ. ಬಂದರೆ, ಮೊದಲ ಫೋನು ಅವನಿಗೇ ಮಾಡು, ಅವನ ಹತ್ತಿರ ಕಾರಿದೆ. ಎರಡನೆಯದು ನನಗೆ ಮಾಡು. ಬಂದು ಕೂಗಾಡುತ್ತೇನೆ, ಡಾಕ್ಟರಿಗೂ ಕೂಗಾಡುತ್ತೇನೆ, ನರ್ಸಿಗೂ ಕೂಗಾಡುತ್ತೇನೆ. ನೀನು ಕಣ್ಣು ಮುಚ್ಚಿಕೊಂಡು ಮಲಗಿರು. ಆದರೆ ನನ್ನನ್ನು ಕರಿ.