ನಮ್ಮ ಗದ್ದೆಬಯಲಿಗೆ ನೀರು ಬರುತ್ತದೆ, ಸ್ವಾಮಿ

ನಾಲ್ಕು ತಾಲ್ಲೂಕಿನ ನೆಲಕ್ಕೆ ಬಣ್ಣ ಹಚ್ಚುತ್ತಿರುವ ಯೋಜನಾ ಪ್ರಾಧಿಕಾರದ ಮಾನ್ಯ ಮುಖ್ಯಸ್ಥರೇ,

ತಾವು ಪ್ರಕಟಿಸಿರುವ ಕರಡು ನಕ್ಷೆಯಲ್ಲಿ ನಮ್ಮೂರ ಕೆಳಗಿನ ಗದ್ದೆಬಯಲು ಹಳದಿಯಾಗಿದೆ. ಹಳದಿ ಎಂದರೆ ಮನೆ ಕಟ್ಟುವ ಜಾಗವಂತೆ. ಮೂವತ್ತೆಂಟು ಎಕರೆ, ಇಪ್ಪತ್ತಾರು ಕುಟುಂಬ, ಈ ಹೊತ್ತಿನಲ್ಲಿ ಬಯಲ ತುಂಬ ನಾಟಿ. ಆಕ್ಷೇಪಣೆ ಸಲ್ಲಿಸಲು ಇನ್ನು ಒಂಬತ್ತೇ ದಿನ ಉಳಿದಿದೆ. ನನಗೆ ಭಯವಾಗಿದೆ. ಅರವತ್ತೆರಡು ವರ್ಷದಲ್ಲಿ ಈ ಮಾತನ್ನು ಕಾಗದದ ಮೇಲೆ ಬರೆಯುತ್ತಿರುವುದು ಇದೇ ಮೊದಲು. ನಾಗರಹಾವನ್ನು ಬಾಲ ಹಿಡಿದು ಎತ್ತಿದವನು ನಾನು. ಅದು ಆಗಲೇ ಸತ್ತಿತ್ತು ಎಂದು ನನ್ನ ಹೆಂಡತಿ ಪುಟ್ಟತಾಯಮ್ಮ ಹೇಳುತ್ತಾಳೆ, ನಂಬಬೇಡಿ.

ಕಿರಂಗೂರು ದಾಟಿ ಒಳಕ್ಕೆ ಬಂದರೆ ಕಾಲುವೆಯ ಕೊನೆ ಭಾಗದಲ್ಲಿ ನಮ್ಮೂರು. ನಾನು ಊರಿನ ಶಾಲೆಯಲ್ಲೇ ಏಳನೆಯ ತರಗತಿವರೆಗೆ ಓದಿದವನು. ಅಂದಿನ ಏಳನೆಯ ತರಗತಿ ಎಂದರೆ ಇಂದಿನ ಬಿ.ಎ.ಗೆ ಒಂದು ಹಿಡಿ ಹೆಚ್ಚು. ಹೇಮಗಿರಿಯ ದನಗಳ ಪರಿಷೆಯಲ್ಲಿ ಹಲ್ಲು ನೋಡಿ ಎತ್ತಿನ ವಯಸ್ಸು ಹೇಳುವುದರಲ್ಲಿ ನನ್ನನ್ನು ಸೋಲಿಸಿದವರಿಲ್ಲ. ಎತ್ತು ಕೊಳ್ಳುವವನು ಬಾಯಿ ಬಿಡಿಸಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ತಾವೋ ಆಕಾಶದಿಂದ ಬರೀ ಬೆನ್ನು ನೋಡಿ ನಾಲ್ಕು ತಾಲ್ಲೂಕಿನ ವ್ಯಾಪಾರವನ್ನೇ ಕುದುರಿಸಿದ್ದೀರಿ. ಉಪಗ್ರಹದ ಚಿತ್ರವನ್ನು ಏಪ್ರಿಲ್ ತಿಂಗಳಲ್ಲಿ ತೆಗೆಸಿದಿರಂತೆ. ಆಗ ಕಾಲುವೆ ನಿಂತಿರುತ್ತದೆ, ಗದ್ದೆ ಬರಿ ಕೂಳೆಯಾಗಿ ಬೆಳ್ಳಗೆ ಕಾಣುತ್ತದೆ. ಅದೇ ಹೊತ್ತಿನಲ್ಲಿ ಊರಿನ ಮೇಲ್ಗಡೆ ಕಲ್ಲುದಿಣ್ಣೆಯ ಮೇಲೆ ಬಳ್ಳಾರಿ ಜಾಲಿ ಹಚ್ಚಗೆ ನಿಂತಿರುತ್ತದೆ. ಹಾಗಾಗಿ ಹುರುಳಿಯೂ ಹುಟ್ಟದ ದಿಣ್ಣೆ ತಮ್ಮ ನಕ್ಷೆಯಲ್ಲಿ 'ಹಸಿರು ವಲಯ', ಭತ್ತದ ಬಯಲು 'ವಸತಿ ವಲಯ'. ಜಾಲಿಮುಳ್ಳನ್ನು ಸಂರಕ್ಷಿಸಿ ಅನ್ನವನ್ನು ಅಗೆಯುವ ಈ ವಿದ್ಯೆಯನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ, ದಯಮಾಡಿ ತಿಳಿಸಿ.

ಮನೆಗಳೇ ಬೇಡ ಎನ್ನುವ ಮೂರ್ಖ ನಾನಲ್ಲ. ನನ್ನ ತಂಗಿಯ ಮಗಳು ಹೇಮಶ್ರೀ ಶ್ರೀರಂಗಪಟ್ಟಣದಲ್ಲಿ ಆಸ್ಪತ್ರೆಯ ನರ್ಸು. ಗಂಡ, ಅತ್ತೆ, ಎರಡು ಮಕ್ಕಳ ಜೊತೆ ಒಂದೂವರೆ ಕೋಣೆಯ ಬಾಡಿಗೆ ಮನೆಯಲ್ಲಿದ್ದಾಳೆ. ಅತ್ತೆ ಮಲಗಿದ ಮೇಲೆ ಬಚ್ಚಲಿಗೆ ಹೋಗಬೇಕಾದರೆ ಅವರ ಕಾಲು ದಾಟಬೇಕು. ಅವಳಿಗೊಂದು ಮನೆ ಬೇಡವೇ? ಬೇಕು. ಆದರೆ ಎಲ್ಲಿ ಎಂಬುದಲ್ಲವೇ ಪ್ರಶ್ನೆ? ಪಾಂಡವಪುರದ ಕಡೆ ನನ್ನ ಭಾವಮೈದುನ ಚಲುವರಾಜುವಿನ ಊರಿನಲ್ಲಿ ಹೀಗೇ ಗದ್ದೆಯಲ್ಲಿ ಬಡಾವಣೆ ಮಾಡಿದರು. ಮೊದಲು ಮುಚ್ಚಿದ್ದು ನೀರು ಹಾಯುವ ಮರಿಗಾಲುವೆಯನ್ನು. ಅದರ ಮೇಲೇ ಮೂವತ್ತಡಿ ರಸ್ತೆ. ಬಡಾವಣೆಯ ಆಚೆಗಿದ್ದ ಗದ್ದೆಗಳು ಒಣಗಿದವು. ಮಳೆ ಬಂದಾಗ ನೀರಿಗೆ ತನ್ನ ಹಳೇ ದಾರಿ ನೆನಪಾಗಿ ಮನೆಗಳ ಅಡುಗೆಕೋಣೆಗೇ ನುಗ್ಗಿತು. ಬೆಳೆಯುವವನೂ ಕೆಟ್ಟ, ವಾಸಕ್ಕೆ ಬಂದವನೂ ಕೆಟ್ಟ. ಚಲುವರಾಜು ಈಗ ಅಕ್ಕಿಯನ್ನು ಅಂಗಡಿಯಿಂದ ತರುತ್ತಾನೆ. ನಮ್ಮ ಬಯಲಿನ ನಡುವೆಯೂ ಅಂಥದೇ ಒಂದು ಮರಿಗಾಲುವೆಯಿದೆ. ಅದು ಮೊದಲು ನನ್ನ ಗದ್ದೆಗೆ ಬಂದು, ಅಲ್ಲಿಂದ ಉಳಿದ ಇಪ್ಪತ್ತೈದು ಕುಟುಂಬದ ಗದ್ದೆಗಳಿಗೆ ಹೋಗುತ್ತದೆ.

ಹೋದ ವಾರ ಪಂಚಾಯಿತಿ ಕಚೇರಿಯ ಗೋಡೆಗೆ ತಮ್ಮ ನಕ್ಷೆ ಅಂಟಿಸಿದರು. ಅದನ್ನು ಬಿಡಿಸಿ ಹೇಳಲು ಹೇಮಶ್ರೀಯನ್ನು ಕರೆದುಕೊಂಡು ಹೋಗಿದ್ದೆ. ನಮ್ಮ ಪಕ್ಕದ ಗದ್ದೆಯ ಬೈರಮ್ಮನೂ ಬಂದಿದ್ದಳು. ಒಂದೂವರೆ ಎಕರೆ ಗದ್ದೆ, ಎರಡು ಹಸು, ಡೇರಿಗೆ ಹಾಕುವ ಹಾಲು, ಇಷ್ಟರಲ್ಲಿ ಸಂಸಾರ ಎಳೆಯುವ ಹೆಂಗಸು. ಹೇಮಶ್ರೀಗೆ ಮೊದಲು ಖುಷಿಯೇ ಆಯಿತು.

"ಮಾವ, ನಮ್ಮೂರಲ್ಲೇ ಸೈಟು ಮಾಡ್ತಾರಂತೆ! ನಾನೂ ಒಂದು ತಗೋಬೋದು" ಎಂದಳು. ಆಮೇಲೆ ಕೆಳಗಿನ ಸಣ್ಣಕ್ಷರ ಓದಿದಳು: 'ಸ್ಥಳೀಯ ವಿಚಾರಣೆಯಿಂದ ತಿಳಿದುಬಂದಂತೆ ಸದರಿ ಪ್ರದೇಶಕ್ಕೆ ಹಾಗೂ ಅದರ ಕೆಳಗಿನ ಜಮೀನುಗಳಿಗೆ ಕಾಲುವೆ ನೀರು ಬರುತ್ತಿಲ್ಲ.'

ಬೈರಮ್ಮ ಸೊಂಟಕ್ಕೆ ಕೈಯಿಟ್ಟಳು. "ನೀರ್ ಬರಾಕಿಲ್ವಂತಾ? ಮೊನ್ನೆ ಮೊಣಕಾಲುದ್ದ ನಿಂತ್ಕಂಡು ನಾಟಿ ಆಕುದ್ನಲ್ಲ ಅಣ್ಣಯ್ಯ, ಅದೇನು ನನ್ ಬೆವ್ರಾ? ಯಾವ ಮನೆಆಳ ಯೋಳುದ್ನೋ ಅವನ ಬಾಯ್ಗೆ ಮಣ್ ಬೀಳ! ನಂಗೇನಾದ್ರೂ ಸಿಕ್ಕುದ್ರೆ ಕುಡ್ಲು ತಕ್ಕಂಡ್ ನಾಲ್ಗೆ ಕುಯ್ದ್ ಬುಡ್ತೀನಿ."

"ಯಾರೋ ವರಗಿನೋರು ಇರ್ಬೇಕು ಬುಡು ಬೈರವ್ವ" ಎಂದೆ.

ವಾಪಸು ಬರುವಾಗ ದಾರಿಯಲ್ಲಿ ಹೇಮಶ್ರೀ ನಿಂತುಬಿಟ್ಟಳು. "ಮಾವ, ನೀವೇ ಅಲ್ವಾ?"

ನಾನೇ, ಮಾನ್ಯರೇ. ಈಗ ತಮಗೂ ಹೇಳುತ್ತಿದ್ದೇನೆ. ಏಪ್ರಿಲ್‌ನಲ್ಲಿ ತಮ್ಮ ಕಡೆಯ ಇಬ್ಬರು ಯುವಕರು ಕೈಯಲ್ಲಿ ಟ್ಯಾಬು ಹಿಡಿದು ಬಯಲಿಗೆ ಬಂದರು. ಆ ತಿಂಗಳು, ನಿಂತ ಕಾಲುವೆಯ ಗುಂಡಿಗಳಲ್ಲಿ ಉಳಿದ ನೀರನ್ನು ಪಂಪು ಇಟ್ಟು ಎತ್ತುವವರನ್ನು ಹಿಡಿಯುತ್ತಿದ್ದಾರೆಂದು ಸುದ್ದಿ ಹಬ್ಬಿತ್ತು. ನನ್ನದೊಂದು ಪಂಪಿದೆ, ಹಾಗೆ ನೀರೆತ್ತುವುದು ತಪ್ಪೆಂದು ನನಗೆ ಗೊತ್ತು. ಬಂದವರು ಪಂಪಿನವರೇ ಎಂದುಕೊಂಡೆ. ಪಂಪು ಹತ್ತು ಮಾರು ದೂರದಲ್ಲಿ ಹುಲ್ಲಿನ ಮೆದೆಯೊಳಗಿತ್ತು.

"ಯಜಮಾನ್ರೇ, ಇಲ್ಲಿಗೆ ಕಾಲುವೆ ನೀರು ಬರುತ್ತಾ?"

"ಎಲ್ ಬಂದದು ಸ್ವಾಮಿ! ನಮ್ಮಪ್ಪನ ಕಾಲ್ದಲ್ಲಿ ಬತ್ತಿತ್ತಂತೆ. ಈಗ ಕಾಗೆ ಕುಡ್ಯಾಕೂ ಇಲ್ಲ."

"ಕೆಳಗಿನ ಜಮೀನುಗಳಿಗೆ?"

"ನಂಗೇ ಇಲ್ದಿದ್ ಮ್ಯಾಲೆ ಅವರ್ಗೆಲ್ಲಿ ಬಂದದು?"

ಪಾಪ, ಇಬ್ಬರೂ ಲೊಚಗುಟ್ಟಿದರು. ನಾನು ಎಳನೀರು ಕೆಡವಿ ಕೊಟ್ಟೆ. ನೀರೇ ಇಲ್ಲದ ಊರಿನ ತೆಂಗಿನಮರದಲ್ಲಿ ಆ ಎಳನೀರು ಎಲ್ಲಿಂದ ಬಂತೆಂದು ಅವರೂ ಕೇಳಲಿಲ್ಲ. ಸಂಜೆ ಕರಿಯಯ್ಯನ ಹೋಟೆಲಿನಲ್ಲಿ ಕೂತು, "ಪಂಪು ಉಡುಕ್ಕಂಡ್ ಬಂದಿದ್ರು ಕಣ್ಲಾ, ಎಳ್ನೀರ್ ಕುಡ್ಸಿ ಬರಿಗೈಲಿ ಕಳುಸ್‌ಬುಟ್ಟೆ" ಎಂದು ಮೀಸೆ ತಿರುವಿದೆ. ಕರಿಯಯ್ಯ ಕಾಸು ತೆಗೆದುಕೊಳ್ಳದೆ ಟೀ ಕೊಟ್ಟ. ಮೂರು ತಿಂಗಳು ಆ ಕಥೆಯನ್ನು ಹೇಳಿಕೊಂಡು ತಿರುಗಿದೆ; ನೀರಿಲ್ಲ ಎಂದ ಮಾತನ್ನು ಮಾತ್ರ ಹೇಮಶ್ರೀಗೆ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ. ಹೇಳಿದಂತೆಲ್ಲ ಬಂದವರ ಸಂಖ್ಯೆ ಎರಡರಿಂದ ಐದಾಯಿತು, ಒಬ್ಬನಿಗೆ ಪೊಲೀಸ್ ಟೋಪಿಯೂ ಬಂತು.

ನನ್ನ ತಪ್ಪು ದೊಡ್ಡದು. ಆದರೂ ಕೇಳುತ್ತೇನೆ: ಪಂಪಿಗೆ ಹೆದರಿದ ಒಬ್ಬ ಮುದುಕನ ಬಾಯಿಮಾತಿನಿಂದ ಮೂವತ್ತೆಂಟು ಎಕರೆಯ ಹಣೆಬರಹ ಬರೆಯುವುದಕ್ಕೆ ಪ್ರಾಧಿಕಾರ ಯಾಕೆ ಬೇಕು? ಕರಿಯಯ್ಯನ ಹೋಟೆಲೇ ಸಾಕಲ್ಲ! ಪಹಣಿಯಲ್ಲಿ ನಮ್ಮ ಭೂಮಿ ಇವತ್ತಿಗೂ ನೀರಾವರಿಯ ತರಿ ಜಮೀನೆಂದೇ ಇದೆ. ಕಾಲುವೆ ತೋಡಿಸಿದ್ದು ಸರ್ಕಾರವೇ, ನೀರು ಬಿಡುವುದೂ ಸರ್ಕಾರವೇ. ಒಂದು ಕಚೇರಿ ನೀರು ಬಿಡುತ್ತಿದ್ದರೆ, ಇನ್ನೊಂದು ಕಚೇರಿ ನೀರೇ ಇಲ್ಲ ಎಂದು ಬರೆಯುತ್ತಿದೆ. ನೀವು ನೀವೇ ಒಂದು ದಿನ ಜೊತೆಯಲ್ಲಿ ಕೂತು ಕಾಫಿ ಕುಡಿಯಬಾರದೇ?

ಇದನ್ನೆಲ್ಲ ಬಾಯಿಬಿಡದೆ ಪಾರಾಗಲು ನಾನು ನೋಡಿದೆ, ಅದನ್ನೂ ಮುಚ್ಚಿಡುವುದಿಲ್ಲ. ಇಪ್ಪತ್ತಾರು ಕುಟುಂಬದ ಸಹಿ ಹಾಕಿಸಿ ಪಹಣಿ ಸಮೇತ ಆಕ್ಷೇಪಣೆ ಬರೆಸಿದೆವು. ತಮ್ಮ ಕಚೇರಿಗೆ ಒಯ್ದವನು ನಾನೇ. ಕಿಟಕಿಯ ಹಿಂದಿದ್ದ ಗುಮಾಸ್ತೆ ಹುಡುಗಿ ಕಾಗದ ತಿರುವಿ ನೋಡಿ, "ಪಹಣಿ ಹಳೇದು ಯಜಮಾನ್ರೇ. ಈಗ ನೀರು ಬರ್ತಿಲ್ಲ ಅಂತ ನಿಮ್ಮೂರೋರೇ ಹೇಳವ್ರಲ್ಲ. ಹೇಳ್ದೋರನ್ನೇ ಕರ್ಕಂಬಂದು ಅಲ್ಲ ಅನ್ಸಿ, ಆಗ ಕಡತ ತಿರುಗುತ್ತೆ" ಎಂದಳು. ನಾನು ಕಿಟಕಿಯಿಂದ ಕೈ ತೆಗೆದೆ. ಊರಿನ ಬಸ್ಸು ಹತ್ತಿ ಬಂದುಬಿಟ್ಟೆ.

ಆದ್ದರಿಂದ ನನ್ನ ಒತ್ತಾಯವಿಷ್ಟೆ. ಈ ಒಂಬತ್ತು ದಿನಗಳೊಳಗೆ ತಾವೇ ಬನ್ನಿ. ಕಾರನ್ನು ಕಾಲುವೆ ಏರಿಯ ಮೇಲೆ ನಿಲ್ಲಿಸಿ, ಪ್ಯಾಂಟು ಮಡಿಸಿ, ಗದ್ದೆಗೆ ಇಳಿಯಿರಿ. ಕೆಸರು ಎಲ್ಲಿಯವರೆಗೆ ಬರುತ್ತದೋ ಅಷ್ಟೆತ್ತರದ ದಾಖಲೆ ತಮ್ಮ ಕಾಲ ಮೇಲೇ ಇರುತ್ತದೆ. ನನ್ನ ಹೇಳಿಕೆಯನ್ನು ಹೊಸದಾಗಿ ಬರೆದುಕೊಳ್ಳಿ, ಸಹಿ ಹಾಕುತ್ತೇನೆ. ಪಂಪನ್ನು ಹುಲ್ಲಿನಿಂದ ಹೊರಗೆ ತೆಗೆದಿಟ್ಟಿದ್ದೇನೆ. ಕೊಂಡೊಯ್ಯಿರಿ, ಕೇಸು ಹಾಕಿ, ಬೇಡ ಎನ್ನುವುದಿಲ್ಲ. ಹೋಗುವ ಮುನ್ನ ದಿಣ್ಣೆಯನ್ನೂ ಹತ್ತಿ ನೋಡಿ. ನೀರು ನಿಲ್ಲದ ಗಟ್ಟಿ ನೆಲ, ಬಸ್ಸಿನ ರಸ್ತೆಗೆ ಹತ್ತಿರ. ಹೇಮಶ್ರೀಯಂಥವರ ಮನೆಗಳು ಅಲ್ಲಿ ಏಳಲಿ, ಅಡಿಪಾಯಕ್ಕೆ ಮೊದಲ ಕಲ್ಲು ನಾನೇ ಹೊರುತ್ತೇನೆ. ಅಲ್ಲಿ ನನ್ನದೂ ಇಪ್ಪತ್ತು ಗುಂಟೆಯಿದೆ. ನಾಳೆ ಬೇರೆ ಯಾರೋ ಎತ್ತಿ ಆಡುವುದಕ್ಕಿಂತ ನಾನೇ ಹೇಳಿಬಿಡುವುದು ಮೇಲು. ಈಗ ಸುಳ್ಳಿನ ಮೇಲೆ ನಂಬಿಕೆ ಹೋಗಿದೆ.

ಈ ಪತ್ರವನ್ನು ಪತ್ರಿಕೆಗೆ ಕಳಿಸುವ ಮುಂಚೆ ಬೈರಮ್ಮನಿಗೆ ಓದಿ ಹೇಳಬೇಕೆಂದು ಎರಡು ಸಲ ಅವಳ ಮನೆಗೆ ಹೋದೆ. ಎರಡು ಸಲವೂ "ಬಿಸ್ಲಲ್ ಬಂದಿದ್ದೀರಿ, ಮಜ್ಜಿಗೆ ಕುಡೀರಿ ಅಣ್ಣಯ್ಯ" ಎಂದಳು. ಎರಡು ಸಲವೂ ಮಜ್ಜಿಗೆ ಕುಡಿದು, ಕಾಗದವನ್ನು ಜೇಬಿನಲ್ಲೇ ಇಟ್ಟುಕೊಂಡು ಎದ್ದು ಬಂದೆ. ಅಚ್ಚಾದ ದಿನ ಅವಳ ಮೊಮ್ಮಗಳು ಓದಿ ಹೇಳುತ್ತಾಳೆ. ಅಂದು ನಾನು ಎಲ್ಲಿಗೂ ತಪ್ಪಿಸಿಕೊಂಡು ಹೋಗುವುದಿಲ್ಲ, ನಮ್ಮಿಬ್ಬರ ಗದ್ದೆಯ ನಡುವಿನ ಬದುವಿನ ಮೇಲೆ ಕೂತಿರುತ್ತೇನೆ. ತಾವು ಬೇಗ ಬನ್ನಿ, ಮಾನ್ಯರೇ. ಅವಳಂತೂ ತಡ ಮಾಡುವವಳಲ್ಲ.

ಇಂತಿ,
ತನ್ನ ಬಾಯಿಗೆ ತಾನೇ ಹೆದರಿರುವ
ಚಿಕ್ಕಸ್ವಾಮಿ
ಕಾಲುವೆಯ ಕೊನೆ ಭಾಗ, ಶ್ರೀರಂಗಪಟ್ಟಣ ತಾಲ್ಲೂಕು