ಹದಿನೆಂಟರಲ್ಲಿ ಒಂದು

17 ಜುಲೈ 1995, ಸೋಮವಾರ
ಈರುಳ್ಳಿ ಬೇರು ಈ ಸಲವೂ ಕೈಕೊಟ್ಟಿತು. ಬೆಳಿಗ್ಗೆ ಒಂಬತ್ತಕ್ಕೇ ಕತ್ತರಿಸಬೇಕಿತ್ತು. ಅಟೆಂಡರ್ ಶಿವಮಲ್ಲಪ್ಪ ಲ್ಯಾಬಿನ ಬೀಗದ ಕೈ ತಂದದ್ದು ಹನ್ನೊಂದಕ್ಕೆ. ನಲವತ್ತು ಹುಡುಗರು, ಎರಡು ಮೈಕ್ರೋಸ್ಕೋಪು. ಜೀವಕೋಶ ಒಡೆದು ಎರಡಾಗುವುದು ಇಬ್ಬರಿಗೆ ಕಂಡಿತು. ಮಿಕ್ಕವರು ಅವರ ರೆಕಾರ್ಡ್ ನೋಡಿ ಬರೆದರು. ಬರೆದುಕೊಳ್ಳಲಿ.

ಕ್ಲಾಸು ಬಿಟ್ಟರೆ ಇವತ್ತು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ… ಗುಂಡ್ಲುಪೇಟೆಗೆ ಬಂದು ನಾಲ್ಕು ವರ್ಷ. ಈ ರೂಮಿಗೆ ಬರುವವನು ಒಬ್ಬನೇ — ತಮ್ಮ ಮಾಲಿಂಗ. ಭಾನುವಾರ ಚಾಮರಾಜನಗರದಿಂದ ಬಸ್ಸಿನಲ್ಲಿ ಬರುತ್ತಾನೆ. ಟೈಲರ್. ಹುಟ್ಟಿನಿಂದ ಕಿವಿ ಕೇಳಿಸದು, ಮಾತಿಲ್ಲ. ನಮ್ಮದು ಕೈಮಾತು, ಚಿಕ್ಕಂದಿನಲ್ಲಿ ಇಬ್ಬರೇ ಸೇರಿ ಮಾಡಿಕೊಂಡದ್ದು. ನಿನ್ನೆ ನನ್ನ ಶರ್ಟಿನ ಕಾಲರ್ ತಿರುಗಿಸಿ ಹೊಲಿದು ತಂದಿದ್ದ. ಬಸ್ ಕಂಡಕ್ಟರನ ನಕಲು ಮಾಡಿ ಹೊಟ್ಟೆ ಹುಣ್ಣಾಗುವಷ್ಟು ನಗಿಸಿದ.

23 ಜುಲೈ, ಭಾನುವಾರ
ಅಕ್ಕ ಹೇಳಿಕಳಿಸಿದ್ದಳು. ಈ ವಾರ ನಾನೇ ಚಾಮರಾಜನಗರಕ್ಕೆ ಹೋದೆ. ಮಾಲಿಂಗ ಇರುವುದೂ ಅಲ್ಲೇ. ತಟ್ಟೆ ಇಡುವ ಮೊದಲೇ ಶುರು —

"ಭಾನುಗೆ ಇಪ್ಪತ್ತೊಂದು ತುಂಬ್ತು ಕಣ್ಲಾ ಸ್ವಾಮಿ. ಇನ್ನೆಷ್ಟು ದಿನ ಆ ಓಟ್ಲು ಸಾರು ಉಣ್ತೀಯೆ? ಶ್ರಾವಣದಲ್ಲಿ ಮಾತಾಡ್ಬುಡನ."

ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ನಮ್ಮಲ್ಲಿ ಕೇಳುವ ವಿಷಯವೇ ಅಲ್ಲ. ಭಾನು ಹುಟ್ಟಿದ ದಿನವೇ ನನ್ನ ಹೆಸರು ಹೇಳಿದ್ದರಂತೆ. ಅಪ್ಪನೂ ಅಮ್ಮನಿಗೆ ಸೋದರಮಾವನೇ.

ಊಟ ಮಾಡುತ್ತ ಈರುಳ್ಳಿ ಬೇರಿನ ಕಥೆ ಹೇಳಿದೆ. ಭಾನು ಸಾರು ಬಡಿಸುತ್ತ, "ಮಾವನ್ಗೆ ಈರುಳ್ಳಿ ನೋಡಾಕೇ ಪುರಸೊತ್ತಿಲ್ಲ, ನನ್ನೆಲ್ಲಿ ನೋಡಾರು" ಅಂದಳು. ಅನ್ನ ನೆತ್ತಿಗೆ ಹತ್ತಿತು.

ಇಷ್ಟ. ಬರೆದೇ ಬಿಡುತ್ತೇನೆ — ಅವಳೆಂದರೆ ನನಗೆ ಇಷ್ಟ. ಬಸ್ಸಿನಲ್ಲಿ ಇಡೀ ದಾರಿ ಅದೇ.

27 ಜುಲೈ, ಸಂಜೆ
ಮೆಂಡೆಲನ ಪಾಠ. ಬೋರ್ಡಿನ ಮೇಲೆ ವಂಶಾವಳಿ ಬಿಡಿಸಿದೆ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ದೋಷ ಇರುವವರಿಗೆ ಪೂರ್ತಿ ಕಪ್ಪು. ಒಳಗೆ ಹೊತ್ತಿದ್ದೂ ಹೊರಗೆ ಕಾಣದವರಿಗೆ ಅರ್ಧ ಕಪ್ಪು.

ರೂಮಿಗೆ ಬಂದ ಮೇಲೆ ಕೈ ಸುಮ್ಮನಿರಲಿಲ್ಲ. ನಮ್ಮ ಮನೆಯದನ್ನೇ ಹೆಸರು ಸಹಿತ ಬಿಡಿಸಿದೆ. ಅಪ್ಪ, ಅಮ್ಮ — ಅರ್ಧ. ಮಾಲಿಂಗ — ಪೂರ್ತಿ. ಮೂರು ವರ್ಷಕ್ಕೆ ತೀರಿಕೊಂಡ ತಂಗಿ, ಅವಳಿಗೂ ಕೇಳಿಸುತ್ತಿರಲಿಲ್ಲ — ಪೂರ್ತಿ.

ನಾನು ಹೊತ್ತಿರುವ ಸಂಭವ ಮೂರರಲ್ಲಿ ಎರಡು. ಅಕ್ಕನಿಗೂ ಅಷ್ಟೇ. ಭಾನುಗೆ ಅದರ ಅರ್ಧ, ಮೂರರಲ್ಲಿ ಒಂದು. ಇಬ್ಬರೂ ಹೊತ್ತಿದ್ದರೆ ಮಗುವಿಗೆ ನಾಲ್ಕರಲ್ಲಿ ಒಂದು. ಗುಣಿಸಿದೆ. ಹದಿನೆಂಟರಲ್ಲಿ ಒಂದು. ಮತ್ತೆ ಗುಣಿಸಿದೆ. ಅಷ್ಟೇ.

ಹಾಳಾದ ಪಾಠ.

6 ಆಗಸ್ಟ್, ಭಾನುವಾರ
ಅಕ್ಕನ ಮನೆಯಲ್ಲಿ ಹೇಳಿಬಿಟ್ಟೆ. ಹಾಳೆ ಮುಂದಿಟ್ಟುಕೊಂಡು, ಕ್ಲಾಸಿನಲ್ಲಿ ಹೇಳುವ ಹಾಗೆ. ಮಾಲಿಂಗ ಅಲ್ಲೇ ಮೆಷಿನ್ ತುಳಿಯುತ್ತಿದ್ದ. ಅವನಿಗೆ ಕೇಳಿಸದು ಎಂಬ ಧೈರ್ಯ ನನಗೆ.

"ಅದ್ನೆಂಟ್ರಲ್ಲಿ ಒಂದಾ?" ಅಕ್ಕ ಎದ್ದು ನಿಂತಳು. "ಮಿಕ್ಕ ಅದ್ನೇಳು ನಿನ್ ಕಣ್ಗೆ ಕಾಣಾಕಿಲ್ವಾ? ಬ್ಯಾಡ ಅಂದ್ರೆ ಬ್ಯಾಡ ಅನ್ನು. ಲೆಕ್ಕ ಯಾಕ್ಲಾ ಯೋಳ್ತೀಯೆ?"

ಭಾನು ಅಳಲಿಲ್ಲ. ಬಾಗಿಲಿಗೆ ಒರಗಿ ನಿಂತು ಕೇಳಿದಳು: "ಮಾಲಿಂಗ್ ಮಾವನಂಗೆ ಒಂದು ಮಗ ಉಟ್ಟುದ್ರೆ ಏನಾಗ್ಬುಡ್ತದೆ ಮಾವ?"

ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ. ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟೆ. ಹಾಳೆ ಮಂಚದ ಮೇಲೇ ಉಳಿಯಿತು.

13 ಆಗಸ್ಟ್, ಭಾನುವಾರ
ಮಾಲಿಂಗ ಬರಲಿಲ್ಲ. ಇಬ್ಬರಿಗೆ ಅಕ್ಕಿ ಹಾಕಿದ್ದೆ.

20 ಆಗಸ್ಟ್
ಬರಲಿಲ್ಲ. ಹತ್ತೂವರೆ ಬಸ್ಸು, ಹನ್ನೆರಡರ ಬಸ್ಸು — ಎರಡಕ್ಕೂ ಸ್ಟ್ಯಾಂಡಿಗೆ ಹೋಗಿ ಬಂದೆ.

27 ಆಗಸ್ಟ್, ಭಾನುವಾರ
ಬಂದ. ಕೂರಲಿಲ್ಲ. ಜೇಬಿನಿಂದ ಆ ಹಾಳೆ ತೆಗೆದು ಹಾಸಿದ. ಹೆಸರು ಓದಬಲ್ಲ — ಗಿರಾಕಿಗಳ ಬಟ್ಟೆಗೆ ಚೀಟಿ ಹಾಕಲಿ ಅಂತ ನಾನೇ ಕಲಿಸಿದ್ದು. ಕಪ್ಪು ಚೌಕದ ಮೇಲೆ ಬೆರಳಿಟ್ಟ. ಎದೆ ಮುಟ್ಟಿಕೊಂಡ. ಯಾಕೆ ಎಂದು ಅಂಗೈ ತಿರುಗಿಸಿದ.

ನಮ್ಮ ಕೈಮಾತಿನಲ್ಲಿ ಹಸಿವು ಇದೆ, ಬಸ್ಸು ಇದೆ, ಅಮ್ಮ ಇದ್ದಾಳೆ. ವರ್ಣತಂತುವಿಗೆ ಏನು ಮಾಡಲಿ? ಅಪ್ಪನಿಂದ ಒಂದು, ಅಮ್ಮನಿಂದ ಒಂದು ಅಂತ ಬೆರಳಲ್ಲಿ ಏನೇನೋ ಹೆಣಗಿದೆ. ಅವನು ನನ್ನ ಕೈ ಹಿಡಿದು ನಿಲ್ಲಿಸಿದ. ತಾನೇ ತೊಟ್ಟಿಲು ತೂಗಿ ತೋರಿಸಿದ. ಕಿವಿ ಮುಚ್ಚಿಕೊಂಡ. ತನ್ನ ಕಡೆ ಬೆರಳು ಮಾಡಿದ. ಅಂಗೈ ಅಡ್ಡ ಆಡಿಸಿದ. ನನ್ನಂಥ ಮಗು — ಬೇಡ. ಅದೇ ತಾನೆ?

ಸರಿಯುತ್ತರ ಹೇಳಿದ ಹುಡುಗನಿಗೆ ಆಡಿಸುವ ಹಾಗೆ ತಲೆ ಆಡಿಸಿಬಿಟ್ಟೆ.

ಥೂ, ನನ್ನ ಜನ್ಮಕ್ಕೆ. ಹಾಳೆ ಮಡಚಿಕೊಂಡು ಹೋದ. ಕಾಫಿ ಹಾಗೇ ಉಳಿಯಿತು.

29 ಅಕ್ಟೋಬರ್, ಭಾನುವಾರ
ಭಾನು ಮದುವೆ ಆಯಿತು. ಹುಡುಗ ಬಂಡೀಪುರದಲ್ಲಿ ಫಾರೆಸ್ಟ್ ಗಾರ್ಡ್. ಒಳ್ಳೆಯವನ ಹಾಗೆ ಕಾಣುತ್ತಾನೆ. ಸೋದರಮಾವ ಅಂತ ಕೈ ಹಿಡಿದು ಹಸೆಮಣೆಗೆ ಕರೆತಂದವನು ನಾನೇ. ಅವಳು ತಲೆ ಎತ್ತಲಿಲ್ಲ. ಮಾಲಿಂಗ ಇಡೀ ದಿನ ನನ್ನ ಕಡೆ ತಿರುಗಲಿಲ್ಲ.

ವಾಪಸು ಬಂದು ಮೆಟ್ಟಿಲ ಮೇಲೇ ಕೂತಿದ್ದೆ. ಬೀಗ ತೆಗೆದು ಒಳಗೆ ಹೋಗಿ ಮಾಡುವುದಾದರೂ ಏನು?

22 ನವೆಂಬರ್, ಬುಧವಾರ
ಅಕ್ಕ ಕಾಲೇಜಿಗೇ ಬಂದಳು. ಮೂರು ತಿಂಗಳಿಂದ ನೆಟ್ಟಗೆ ಮಾತಾಡಿರಲಿಲ್ಲ. ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತೇ ಹೇಳಿದಳು —

"ಮಾಲಿಂಗನ್ಗೆ ಸಂತೆಮರಳ್ಳಿಯಿಂದ ಎಣ್ಣು ಬಂದದೆ. ಚಿಕ್ಕನಿಂಗಮ್ಮ ಅಂತ. ನಮ್ಗೇನೂ ಸಂಬಂಧ ಇಲ್ಲ, ಕಿವಿ ಚೆಂದಾಗಿ ಕೇಳ್ತದೆ. ಆ ಮಗೀಗೇ ಇವ ಒಪ್ಗೆ ಆಗವ್ನೆ. ಇವ ಒಲ್ಲೆ ಅಂತಾನೆ. ನಿನ್ ಪೇಪರ್ ತಗ್ದು ತಗ್ದು ತೋರಿಸ್ತಾನೆ. ನೀನೇ ಬಂದು ಯೋಳಪ್ಪ. ನಿನ್ ಕೈಮಾತೇ ಅವ್ನಿಗೆ ತಿಳಿಯಾದು."

ಅಯ್ಯೋ ದೇವರೇ. ಅವನಿಗೆ ಅಡ್ಡಿಯೇ ಇಲ್ಲವಲ್ಲ! ಬೇರೆ ಮನೆತನದ ಹೆಣ್ಣಾದರೆ ಮಕ್ಕಳಿಗೆ ಕಿವಿ ಕೇಳುವುದು ಹೆಚ್ಚುಕಡಿಮೆ ಖಂಡಿತ. ಮೆಂಡೆಲನ ಮೊದಲನೇ ಪಾಠ. ನಲವತ್ತು ಹುಡುಗರಿಗೆ ಹೇಳಿದ್ದೇನೆ, ಅವನಿಗೆ ಹೇಳಿಲ್ಲ. ಭಾನುವಾರ ಹೋಗುತ್ತೇನೆ. ಕಾಲಿಗೆ ಬಿದ್ದಾದರೂ ಒಪ್ಪಿಸುತ್ತೇನೆ.

26 ನವೆಂಬರ್, ಭಾನುವಾರ
ಹೊಸ ಹಾಳೆ, ಪೆನ್ಸಿಲ್ ಒಯ್ದಿದ್ದೆ. ಮಾಲಿಂಗ ಮೆಷಿನ್ ನಿಲ್ಲಿಸಿದ. ನೋಡಲು ಒಪ್ಪಿದ. ಅಷ್ಟಕ್ಕೇ ನನಗೆ ಕಣ್ಣು ತುಂಬಿತು.

ಅವನ ಚೌಕ, ಕಪ್ಪು. ಪಕ್ಕದಲ್ಲಿ ಬಿಳಿ ವೃತ್ತ — ಚಿಕ್ಕನಿಂಗಮ್ಮ ಎಂದು ಬರೆದೆ. ಓದಿ ಸ್ವಲ್ಪ ನಾಚಿದ. ಕೆಳಗೆ ಮೂರು ಮಕ್ಕಳು. ತೊಟ್ಟಿಲು ತೂಗಿ, ಕಿವಿ ಮುಟ್ಟಿ, ಚಪ್ಪಾಳೆ ತಟ್ಟಿ ಮಗು ತಿರುಗುವ ಹಾಗೆ ಮಾಡಿ ತೋರಿಸಿದೆ. ಕೇಳುತ್ತದೆ, ಮೂವರಿಗೂ ಕೇಳುತ್ತದೆ. ಅವನ ಮುಖ ಅರಳಿತು. ಎಷ್ಟು ದಿನವಾಗಿತ್ತು ಆ ಮುಖ ನೋಡಿ…

ಅಲ್ಲಿಗೇ ಪೆನ್ಸಿಲ್ ಇಡಬೇಕಿತ್ತು.

ಏಳು ವರ್ಷ ಪಾಠ ಮಾಡಿದ ಕೈ. ಕಿವಿ ಕೇಳಿದರೂ ಆ ಮಕ್ಕಳು ಒಳಗೆ ಹೊತ್ತೇ ಇರುತ್ತಾರಲ್ಲ. ನಿಯಮದ ಪ್ರಕಾರ ಮೂವರನ್ನೂ ಅರ್ಧ ಕಪ್ಪು ಮಾಡಿದೆ. ಯೋಚನೆಯನ್ನೇ ಮಾಡಲಿಲ್ಲ.

ಅವನು ನೋಡಿದ. ಪೆನ್ಸಿಲ್ ಇಸಿದುಕೊಂಡ. ಮಿಕ್ಕ ಅರ್ಧವನ್ನೂ ತುಂಬಿದ — ಒಂದೊಂದನ್ನೇ, ಗೆರೆ ದಾಟದ ಹಾಗೆ. ಮೆಷಿನ್ ಕಡೆ ತಿರುಗಿ ಕೂತ.

ಭುಜ ಮುಟ್ಟಿದೆ. ನನ್ನ ಕೈ ತೆಗೆದಿಟ್ಟ. ಎದುರಿಗೆ ಹೋದೆ, ಬಟ್ಟೆಯ ಮೇಲಿಂದ ಕಣ್ಣೆತ್ತಲಿಲ್ಲ. ಅಲ್ಲ ಕಣೋ, ಅಲ್ಲ ಅಂತ ಕೈ ಆಡಿಸುತ್ತಲೇ ಇದ್ದೆ. ಕೊನೆಗೆ ಗಂಟಲು ಹರಿಯುವ ಹಾಗೆ ಕೂಗಿದೆ. ಅಕ್ಕ ಒಳಗಿಂದ ಓಡಿಬಂದಳು. ಅವನು ಹೊಲಿಯುತ್ತಲೇ ಇದ್ದ.

ಅವನು ನನ್ನ ಕಡೆ ನೋಡದೇ ಹೋದರೆ ನಾನು ಅವನಿಗೆ ಯಾವುದರಿಂದ ಹೇಳಲಿ?